ಮರಿಯಯ್ಯನ ಮುಖ

ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಗೂ ಅರಿಶಿನ ಕುಂಕುಮದ ಅಂಗಡಿಗೂ ನಡುವೆ ಒಬ್ಬರೇ ಹತ್ತಬಹುದಾದಷ್ಟು ಕಿರಿದಾದ ಒಂದು ಮೆಟ್ಟಿಲಿದೆ. ಅದನ್ನು ಹತ್ತಿದರೆ ಮಂಜುಶ್ರೀಯ ಅಂಗಡಿ. ಅವಳ ಅಪ್ಪ ಯೋಗೇಂದ್ರ ಅಲ್ಲಿ ಮೂವತ್ತೆಂಟು ವರ್ಷ ಫೋಟೊ ಸ್ಟುಡಿಯೊ ನಡೆಸಿದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಫೋಟೊ ತೆಗೆಸಿಕೊಳ್ಳಲು ಮೆಟ್ಟಿಲು ಹತ್ತುವವರು ಇಲ್ಲವಾದರು. ಆದರೆ ಹಳೆಯ ಫೋಟೊಗಳು ಮನೆಮನೆಯಲ್ಲೂ ಇದ್ದವು. ಗೆದ್ದಲು ತಿಂದವು, ಮಳೆಗೆ ನೆನೆದವು, ಪರ್ಸಿನಲ್ಲಿ ಮಡಿಸಿ ಮಡಿಸಿ ಎರಡು ಹೋಳಾದವು. ಅಪ್ಪ ತೀರಿಕೊಂಡ ಮೇಲೆ ಮಂಜುಶ್ರೀ ಅವುಗಳನ್ನೇ ಹಿಡಿದುಕೊಂಡಳು. ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಲೆ ತೆಗೆದು, ಹರಿದದ್ದನ್ನು ಕೂಡಿಸಿ, ಹೊಸದಾಗಿ ಪ್ರಿಂಟು ಹಾಕಿ ಕೊಡುವ ಕೆಲಸ. ಹದಿನಾರು ವರ್ಷದಲ್ಲಿ ಕೈ ಎಷ್ಟು ಪಳಗಿತ್ತೆಂದರೆ ನಂಜನಗೂಡು, ಮಂಡ್ಯದಿಂದಲೂ ಜನ ವಿಳಾಸ ಕೇಳಿಕೊಂಡು ಬರುತ್ತಿದ್ದರು.

ಅಪ್ಪ ಅವಳಿಗೆ ಕಲಿಸಿದ್ದ ಮೊದಲ ಪಾಠ ಬಹಳ ಸಣ್ಣದು. ಹಳೇ ಫೋಟೊ ಯಾರೇ ತರಲಿ, ಎಂಥದ್ದೇ ಇರಲಿ, ಅದನ್ನು ಬಿಚ್ಚುವುದಕ್ಕೆ, ತೊಳೆಯುವುದಕ್ಕೆ ಮೊದಲು ಇದ್ದ ಹಾಗೇ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಸಾವಿರಾರು ಫೋಟೊಗಳಿಗೆ ಮಂಜುಶ್ರೀ ಹಾಗೇ ಮಾಡಿದ್ದಳು. ಒಂದಕ್ಕೆ ಮಾತ್ರ ಮಾಡಲಿಲ್ಲ.

ಅದನ್ನು ತಂದವರು ಕೆಸರೆಯ ಚಲುವಮ್ಮ. ಆಷಾಢದ ಒಂದು ಮಧ್ಯಾಹ್ನ ಮೊಮ್ಮಗಳು ನಯನಾಳ ಭುಜ ಹಿಡಿದುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಅರವತ್ತೈದು ಅರವತ್ತಾರರ ಹೆಂಗಸು. ಕಂಕುಳಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಫ್ರೇಮು. ಟೇಬಲ್ಲಿನ ಮೇಲಿಟ್ಟು ಟವೆಲ್ಲು ಬಿಚ್ಚಿದರು.

"ನಮ್ಮೋರು ಕಣವ್ವ. ಗ್ವಾಡೆ ಮ್ಯಾಲಿಂದ ನೀರು ಇಳ್ದು ಇಂಗಾಗದೆ. ಇರೋದು ಇದೊಂದೇ ಪಟ."

ಕಪ್ಪುಬಿಳುಪಿನ ಫೋಟೊ. ಬಣ್ಣದ ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತ ತರುಣ. ಬಿಳಿ ಷರಟು, ಕುರ್ಚಿಯ ಕೈಮೇಲೆ ಬಿಗಿಯಾಗಿ ಇಟ್ಟ ಮುಷ್ಟಿ. ಕತ್ತಿನಿಂದ ಮೇಲಕ್ಕೆ ಫೋಟೊ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಗಾಜಿನ ಒಳಗೆ ಬೂಷ್ಟು ಹಬ್ಬಿ, ಮುಖ ಮಂಜಿನ ಹಿಂದಿದ್ದಂತೆ ಕಾಣುತ್ತಿತ್ತು. ದಪ್ಪ ಹುಬ್ಬು, ಒಂದು ಕಣ್ಣು, ತೆಳುವಾದ ಮೀಸೆ, ಕೆನ್ನೆಯ ತುಂಬ ಚುಕ್ಕೆ ಚುಕ್ಕೆ.

"ಯಾವ ವರ್ಷದ್ದಮ್ಮ ಇದು?"

"ನಮ್ಮ ಮದ್ವೆ ಆದ್ ವರ್ಷದ್ದು. ದಸರಾ ನೋಡಾಕೆ ಬಂದಿದ್ದೊ. ನೀನೂ ಪಕ್ಕದಲ್ಲಿ ಕುಂತ್ಕೊ ಅಂದ್ರು. ನಾಚ್ಕೊಂಡು ನಾ ಒಲ್ಲೆ ಅಂದ್ಬುಟ್ಟೆ. ಆಮ್ಯಾಕೆ ಎಲ್ಡು ವರ್ಷಕ್ಕೆ ಕಾಮಾಲೆ ಬಂದು ಹೊಂಟೋದ್ರು. ಇವ್ರಪ್ಪ ಆಗ ಎಂಟು ತಿಂಗ್ಳ ಕೂಸು." ಚಲುವಮ್ಮ ಮೊಮ್ಮಗಳ ಕಡೆ ಕೈ ತೋರಿಸಿದರು. "ಮೊಕ ಒಂದು ಬಂದ್ರೆ ಸಾಕು ತಾಯಿ. ಮಿಕ್ಕಿದ್ದು ಎಂಗಾದ್ರೂ ಇರ್ಲಿ."

"ಬರುತ್ತೆ ಬಿಡಿ ಅಮ್ಮ, ಇದಕ್ಕಿಂತ ಹಾಳಾಗಿದ್ದನ್ನೂ ಸರಿ ಮಾಡಿದೀನಿ," ಎಂದಳು ಮಂಜುಶ್ರೀ. ಆ ಮಾತು ಸುಳ್ಳೇನಲ್ಲ.

ಅವರು ಹೋದ ಮೇಲೆ ಮಂಜುಶ್ರೀ ಕ್ಯಾಮೆರಾ ಕೈಗೆ ತೆಗೆದುಕೊಂಡಿದ್ದೂ ನಿಜ. ಆದರೆ ಕೊಳೆ ಗಾಜಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಹೊಳೆಯಿತು. ಈ ಗಾಜಿನ ಮೇಲಿಂದ ತೆಗೆದರೆ ಏನು ಬಂದೀತು, ಬಿಡಿಸಿದ ಮೇಲೆ ನೇರವಾಗಿ ಸ್ಕ್ಯಾನಿಗೇ ಹಾಕೋಣ ಎಂದುಕೊಂಡು ಕ್ಯಾಮೆರಾ ಕೆಳಗಿಟ್ಟಳು. ಗಾಜಿಗೆ ಅಂಟಿದ ಫೋಟೊವನ್ನು ತಣ್ಣೀರಿನ ಟ್ರೇಯಲ್ಲಿ ನೆನೆಹಾಕಿದರೆ ಅರ್ಧ ಗಂಟೆಯಲ್ಲಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಎಷ್ಟೋ ಸಲ ಮಾಡಿದ್ದ ಕೆಲಸ. ನೆನೆಹಾಕಿ, ಮದುವೆ ಆಲ್ಬಮ್ಮಿನ ವಿಷಯಕ್ಕೆ ಬಂದ ಒಂದು ಫೋನಿಗೆ ಉತ್ತರ ಕೊಡಲು ಕಿಟಕಿಯ ಹತ್ತಿರ ಹೋದಳು. ಮಾತು ಇಪ್ಪತ್ತು ನಿಮಿಷ ಬೆಳೆಯಿತು.

ತಿರುಗಿ ಬಂದು ನೋಡಿದರೆ ಟ್ರೇಯ ನೀರು ಕಂದು ಬಣ್ಣಕ್ಕೆ ತಿರುಗಿತ್ತು.

ಬೂಷ್ಟು ಒಳಗೊಳಗೇ ಚಿತ್ರದ ಪದರವನ್ನು ತಿಂದು ಮುಗಿಸಿತ್ತು. ನೀರು ತಾಗಿದ್ದೇ ಅದು ಲೋಳೆಯಾಗಿ ಕರಗಿಹೋಯಿತು. ಮಂಜುಶ್ರೀ ಗಾಜನ್ನು ಎತ್ತಿ ಹಿಡಿದಳು. ಅದರ ಮೇಲೆ ಏನೂ ಇರಲಿಲ್ಲ. ಕಾಗದದ ಮೇಲೆ ಕಾಲರಿನಿಂದ ಕೆಳಗೆ ಷರಟು, ಕೈ, ಕುರ್ಚಿ ಎಲ್ಲ ಇದ್ದ ಹಾಗೇ ಇದ್ದವು. ಮೇಲೆ ಬರೀ ಬಿಳಿ. ಅವಳು ಬೆರಳಿನಿಂದ ನೀರನ್ನು ಮುಟ್ಟಿ ನೋಡಿದಳು, ಅದರಲ್ಲೇನೋ ಸಿಕ್ಕೀತೆಂಬಂತೆ. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಆಗಲೇ ಫೋನು ಮಾಡಿ ಹೇಳಿಬಿಡಬಹುದಿತ್ತು. ಮಾಡಿದ್ದೂ ಹೌದು, ಆದರೆ ನಯನಾ ಫೋನೆತ್ತಿ ಅಜ್ಜಿಗೆ ಕೊಟ್ಟಾಗ ಮಂಜುಶ್ರೀಯ ಬಾಯಿಂದ ಬಂದದ್ದೇ ಬೇರೆ.

"ಅಮ್ಮ, ನಿಮ್ಮ ಯಜಮಾನ್ರ ಮುಖ ಹೇಗಿತ್ತು, ಸ್ವಲ್ಪ ಹೇಳ್ತೀರಾ? ಕೆಲಸಕ್ಕೆ ಅನುಕೂಲ ಆಗುತ್ತೆ."

"ಎಂಗೆ ಅಂದ್ರೆ..." ಚಲುವಮ್ಮ ನಕ್ಕಂತೆ ಕೇಳಿಸಿತು. "ಎಣ್ಣೆಗೆಂಪು ಬಣ್ಣ. ಕಿವಿ ಒಸಿ ಮುಂದ್ಕೆ. ಅಮ್ಮನೋರು ಮೊಕದ್ಮ್ಯಾಲೇ ಇದ್ರು ಕಣವ್ವ."

ದೇವಿಯ ಕಳೆ ಇತ್ತು ಎನ್ನುತ್ತಿದ್ದಾರೆ, ಸತ್ತ ಗಂಡನನ್ನು ಹೊಗಳದೆ ಇನ್ನೇನು ಮಾಡುತ್ತಾರೆ ಎಂದುಕೊಂಡಳು ಮಂಜುಶ್ರೀ. "ನಿಮ್ಮ ಮಗಂದು ಒಂದು ಒಳ್ಳೇ ಫೋಟೊ ಕಳ್ಸೋಕೆ ಹೇಳಿ ಅಮ್ಮ, ಬಣ್ಣ ಹೊಂದಿಸೋಕೆ ಬೇಕು," ಎಂದಳು. ಸಂಜೆಯೊಳಗೆ ಮಗ ಮಹದೇವಸ್ವಾಮಿಯ ಫೋಟೊ ಮೊಬೈಲಿಗೆ ಬಂತು. ಎಲೆಕ್ಟ್ರಿಷಿಯನ್ ಕೆಲಸದ ಮನುಷ್ಯ, ನಲವತ್ತನಾಲ್ಕು ವಯಸ್ಸು, ದುಂಡು ಮುಖ.

ಮುಂದಿನ ಹತ್ತು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಮಗನ ಮುಖದಿಂದ ಇಪ್ಪತ್ತು ವರ್ಷ ಇಳಿಸಿದಳು. ಈಗ ಅದಕ್ಕೆಲ್ಲ ಸಾಫ್ಟ್‌ವೇರು ಇದೆ, ಕೇಳಿದ ವಯಸ್ಸಿಗೆ ಮುಖ ಮಾಡಿಕೊಡುತ್ತದೆ. ತಾನು ನೋಡಿದ್ದ ದಪ್ಪ ಹುಬ್ಬು, ತೆಳು ಮೀಸೆ ಇಟ್ಟಳು. ಕಿವಿ ತುಸು ಮುಂದಕ್ಕೆ ತಂದಳು. ಉಳಿದಿದ್ದ ಷರಟಿನ ಕಾಲರಿಗೆ ಕೂಡಿಸಿ, ಹಳೆಯ ಫೋಟೊದ ನೆರಳು ಬೆಳಕು ಕೊಟ್ಟಳು. ಮುಗಿದಾಗ ಅದು ಎಷ್ಟು ಚೆನ್ನಾಗಿತ್ತೆಂದರೆ, ಅರೆಕ್ಷಣ ಅವಳಿಗೇ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ.

ಶ್ರಾವಣದಲ್ಲಿ ಚಲುವಮ್ಮ ಮೊಮ್ಮಗಳ ಜೊತೆ ಮತ್ತೆ ಬಂದರು. ಮಂಜುಶ್ರೀಗೆಂದು ಡಬ್ಬಿಯಲ್ಲಿ ರಾಗಿ ಹುರಿಹಿಟ್ಟು ತಂದಿದ್ದರು. ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕೆಳಗೆ ಬೀದಿಯಲ್ಲಿ ಮಲ್ಲಿಗೆ ಮಾರುವವಳ ಕೂಗು ಎರಡು ಸಲ ಹಾದುಹೋಯಿತು. ಮಂಜುಶ್ರೀ ಕಂಪ್ಯೂಟರಿನ ಕಡೆ ಮುಖ ಮಾಡಿ ಸುಮ್ಮನೆ ಮೌಸು ಆಡಿಸುತ್ತಿದ್ದಳು.

"ಒಸಿ ಬ್ಯಾರೆ ತರ ಕಾಣ್ತಾರಲ್ವಾ..." ಎಂದರು ಚಲುವಮ್ಮ ಮೆಲ್ಲಗೆ. ಗಾಜಿನ ಮೇಲೆ ಬೆರಳಿಟ್ಟು ಕೆನ್ನೆಯನ್ನು ಸವರಿದರು. "ಇಲ್ಲಿ ಕುಳಿ ಕುಳಿ ಇತ್ತು ಅಂತ ನನ್ ಗ್ಯಾನ."

ಮಂಜುಶ್ರೀಯ ಬಾಯಿಂದ ಮಾತು ಸಲೀಸಾಗಿ ಬಂತು. "ಅದು ಬೂಷ್ಟಮ್ಮ. ಫೋಟೊ ಮೇಲೆ ಬೂಷ್ಟು ಹಿಡಿದು ಹಾಗೆ ಚುಕ್ಕೆ ಚುಕ್ಕೆ ಕಾಣ್ತಿತ್ತು. ಎಲ್ಲಾ ಕ್ಲೀನ್ ಮಾಡಿದೀನಿ."

"ಅಂಗಾ?" ಚಲುವಮ್ಮ ಅವಳನ್ನು ನೋಡಿದರು, ಮತ್ತೆ ಫೋಟೊ ನೋಡಿದರು. "ಇರ್ಬೋದು. ಆ ಪಟನೇ ನೋಡೀ ನೋಡೀ ಅಂಗನ್ಕೊಬುಟ್ಟಿದ್ನೇನೊ. ನಲವತ್ತು ವರ್ಸ ಆಯ್ತಲ್ಲ, ನಂಗೇ ಮರ್ತೋಗದೆ ಕಣವ್ವ. ಮಿಷನ್ನು ಸುಳ್ಳು ಯೋಳ್ತದಾ?"

"ತಾತ ಸೂಪರಾಗಿದಾರೆ ಅಜ್ಜಿ," ಎಂದಳು ನಯನಾ.

"ಹಳೇದು ಕೊಡ್ತೀಯಾ ತಾಯಿ?"

"ಸ್ಕ್ಯಾನ್ ಆದ್ಮೇಲೆ ಅದು ಪುಡಿಪುಡಿ ಆಗೋಯ್ತಮ್ಮ," ಎಂದಳು ಮಂಜುಶ್ರೀ. ಉಳಿದಿದ್ದ ಅರ್ಧ ಕಾಗದ ಒಣಗಿಸಿದ ಮೇಲೆ ಒಂದು ಲಕೋಟೆಯಲ್ಲಿ, ಅವಳ ಮೊಣಕೈಯಿಂದ ಗೇಣುದ್ದ ದೂರದ ಡ್ರಾಯರಿನಲ್ಲೇ ಇತ್ತು.

ಆ ಸಂಜೆ ಗಂಡ ಲೋಕೇಶನಿಗೆ ಎಲ್ಲ ಹೇಳಿದಳು. ಹೈಸ್ಕೂಲು ಮೇಷ್ಟ್ರಾಗಿದ್ದ ಲೋಕೇಶ ಯಾವುದನ್ನೂ ಉದ್ದ ಎಳೆಯುವವನಲ್ಲ. "ಅವ್ರು ಖುಷಿಯಾಗಿ ಹೋದ್ರು ತಾನೆ? ಬಿಟ್ಬುಡು. ಈಗ ಹೇಳಿದ್ರೆ ಅವ್ರಿಗೇನು ಸಿಕ್ತದೆ? ಇರೋದೂ ಹೋಗ್ತದೆ," ಎಂದ. ಆ ಮಾತು ಸರಿ ಎಂದು ಅವಳಿಗೆ ಅನ್ನಿಸಿತು. ಸರಿ ಎನ್ನಿಸಲಿ ಎಂದು ಅವಳು ಬಯಸಿದ್ದೂ ಉಂಟು.

ಬಹುಶಃ ಅಲ್ಲಿಗೇ ಮುಗಿಯುತ್ತಿತ್ತೇನೊ. ಆದರೆ ಮಹಾಲಯ ಅಮಾವಾಸ್ಯೆಗೆ ಮೂರು ದಿನ ಇರುವಾಗ ಚಲುವಮ್ಮನ ಫೋನು ಬಂತು. "ಪಕ್ಸದ ಹಬ್ಬಕ್ಕೆ ಬರ್ಬೇಕು ಕಣವ್ವ. ನಮ್ಮೋರ್ನ ನೀನೇ ಎಬ್ಸಿ ಕೂರ್ಸಿರೋಳು, ನೀನಿಲ್ದೆ ಎಂಗೆ?" ಬರುವುದಿಲ್ಲ ಎನ್ನಲು ಒಂದು ನೆಪವೂ ಹೊಳೆಯಲಿಲ್ಲ.

ಕೆಸರೆಯ ಆ ಮನೆ ಎರಡು ಕೋಣೆಯದು. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಣೆಯ ಮೇಲೆ ಚಲುವಮ್ಮನ ಗಂಡ ಮರಿಯಯ್ಯನ ಫೋಟೊ. ಚೆಂಡುಹೂವಿನ ಹಾರ ಹಾಕಿದ್ದರು. ಮುಂದೆ ಬಾಳೆ ಎಲೆಯಲ್ಲಿ ಎಡೆ: ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಮನೆಯವರೆಲ್ಲ ಒಬ್ಬೊಬ್ಬರಾಗಿ ಸಾಂಬ್ರಾಣಿ ಹಾಕಿ ಕೈಮುಗಿದರು. ಮಂಜುಶ್ರೀಯೂ ಹಾಕಬೇಕಾಯಿತು. ಹೊಗೆಯ ನಡುವಿನಿಂದ ಆ ಮುಖ ತಣ್ಣಗೆ ಅವಳನ್ನು ನೋಡುತ್ತಿತ್ತು. ಆ ಕಣ್ಣನ್ನು ಯಾವ ಮಂಗಳವಾರ ಎಷ್ಟು ಹೊತ್ತಿಗೆ ಕೂರಿಸಿದ್ದೆ ಎಂಬುದು ಅವಳಿಗೆ ನೆನಪಿತ್ತು.

ಪೂಜೆಯಾದ ಮೇಲೆ ಮಹದೇವಸ್ವಾಮಿ ಫೋಟೊದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ. "ನೋಡಿ ಮೇಡಂ, ಹೆಂಗದೆ?" ಎಂದು ಗಲ್ಲ ಫ್ರೇಮಿನ ಮಟ್ಟಕ್ಕೆ ತಂದ. ನಯನಾ ಮೊಬೈಲಿನಲ್ಲಿ ಫೋಟೊ ಹೊಡೆದಳು. ನೆಂಟರೆಲ್ಲ ಒಂದೇ ಸಮ, "ಥೇಟು ಮಾದೇವನೇ, ಥೇಟು ಮಾದೇವನೇ" ಎಂದರು.

"ಹುಟ್ಟಿದಾಗಿಂದ ಎಲ್ರೂ ನನ್ನ ನಿಮ್ಮವ್ವನ ತರ, ನಿಮ್ಮವ್ವನ ತರ ಅಂತಿದ್ರು ಮೇಡಂ," ಎಂದ ಮಹದೇವಸ್ವಾಮಿ. "ಅಪ್ಪನ್ನ ನೋಡ್ಲಿಲ್ಲ, ಅಪ್ಪಂದು ನನ್ನಲ್ಲಿ ಏನೂ ಇಲ್ಲ ಅನ್ಕೊಂಡಿದ್ದೆ. ಆ ಹಳೇ ಫೋಟೊದಲ್ಲಿ ಸರಿಯಾಗಿ ಕಾಣ್ತಾನೂ ಇರ್ಲಿಲ್ಲ. ಈಗ ದಿನಾ ಕೆಲ್ಸಕ್ಕೆ ಹೋಗುವಾಗ ಒಂದ್ಸಲ ನೋಡ್ಕೊಂಡೇ ಹೋಗದು."

ಮಂಜುಶ್ರೀ ಎಲೆಯ ಮುಂದೆ ಕುಳಿತಳು. ಎಲೆ ಬಿಟ್ಟು ಏಳುವಂತಿಲ್ಲ. ಏನಾದರೂ ಮಾತಾಡಬೇಕೆಂದು, "ನಿಮ್ಮ ತಂದೆಯವರು ಏನು ಕೆಲಸ ಮಾಡ್ತಿದ್ರು?" ಎಂದು ಕೇಳಿದಳು.

"ಬನ್ನಿಮಂಟಪದ ಕಡೆ ಒಂದು ಮರ ಕೊಯ್ಯೋ ಮಿಲ್ಲಿತ್ತಂತೆ, ಅಲ್ಲಿ. ಈಗ ಆ ಮಿಲ್ಲೂ ಇಲ್ಲ."

ಅಷ್ಟೇ ಅವಳಿಗೆ ಸಿಕ್ಕ ದಾರ. ಮಿಲ್ಲಿನಲ್ಲಿ ಯಾರಾದರೂ ಯಾವಾಗಲಾದರೂ ಒಂದು ಫೋಟೊ ತೆಗೆದಿರಬಾರದೆ? ದೀಪಾವಳಿ ಮುಗಿದ ಮೇಲೆ ಬಿಡುವಾದಾಗಲೆಲ್ಲ ಸ್ಕೂಟರಿನಲ್ಲಿ ಬನ್ನಿಮಂಟಪದ ಕಡೆ ಹೋಗತೊಡಗಿದಳು. ಮರದ ಅಂಗಡಿಗಳಲ್ಲಿ ವಯಸ್ಸಾದವರನ್ನು ಹುಡುಕಿ ಕೇಳಿದಳು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಎರಡು ಮಿಲ್ಲು ತಪ್ಪು ಮಿಲ್ಲೇ ಆದವು. ಕೊನೆಗೆ ಸಿದ್ದಪ್ಪಾಜಿ ಎಂಬ ಮುದಿ ಬಡಗಿ, ಆ ಮಿಲ್ಲು ಮುಚ್ಚಿ ಇಪ್ಪತ್ತೈದು ವರ್ಷದ ಮೇಲಾಯಿತೆಂದೂ, ಧಣಿ ತೀರಿಹೋದರೆಂದೂ, ಅವರ ಹೆಂಡತಿ ಅಂಬುಜಮ್ಮ ಮಗಳ ಜೊತೆ ಕುವೆಂಪುನಗರದಲ್ಲಿದ್ದಾರೆಂದೂ ಹೇಳಿದ. ವಿಳಾಸ ನೋಡಿದರೆ ಮಂಜುಶ್ರೀಯ ಮನೆಯಿಂದ ಎರಡೇ ರಸ್ತೆ ಆಚೆ. ಅವಳು ದಿನವೂ ಹಾಲು ತರುವ ಬೂತಿನ ಎದುರುಮನೆ.

ಅಂಬುಜಮ್ಮನಿಗೆ ಎಂಬತ್ತು ದಾಟಿತ್ತು. ನೆನಪು ಮಾತ್ರ ಚೊಕ್ಕವಾಗಿತ್ತು. "ನಮ್ಮ ಯಜಮಾನ್ರು ಪ್ರತಿ ಆಯುಧಪೂಜೆಗೂ ಕೆಲಸದವರನ್ನೆಲ್ಲ ನಿಲ್ಲಿಸಿ ಒಂದು ಗ್ರೂಪ್ ಫೋಟೊ ತೆಗೆಸೋರು ಕಣಮ್ಮ. ಅಟ್ಟದ ಮೇಲಿದೆ ನೋಡು," ಎಂದು ಮಗಳಿಂದ ಒಂದು ಕಟ್ಟು ಇಳಿಸಿದರು. ರಟ್ಟಿಗೆ ಅಂಟಿಸಿದ ದೊಡ್ಡ ಫೋಟೊಗಳು. ಕೆಳಗೆ ಹೆಸರುಗಳನ್ನು ಟೈಪು ಮಾಡಿಸಿ ಅಂಟಿಸಿದ್ದರು. ನಾಲ್ಕನೆಯದು ೧೯೮೦ರದು. ನಿಂತವರು, ಎಡದಿಂದ ಬಲಕ್ಕೆ, ಆರನೆಯವರು: ಮರಿಯಯ್ಯ.

ಮಂಜುಶ್ರೀ ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಉದ್ದ ಮುಖ, ಒಳಗೆ ಹೋದ ಕೆನ್ನೆ, ಮುಂದೆ ಬಂದ ಕಿವಿ. ಹಲ್ಲು ಕಾಣುವಂತೆ ನಗುತ್ತಿದ್ದ. ಹುಬ್ಬು ಅದೇ, ಅವಳು ಗಾಜಿನ ಹಿಂದೆ ಕಂಡಿದ್ದ ದಪ್ಪ ಹುಬ್ಬು. ಮಿಕ್ಕಂತೆ ಅವಳು ಬರೆದ ಮುಖಕ್ಕೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ.

"ಮರಿಯಯ್ಯನಾ? ಒಳ್ಳೇ ಮನುಷ್ಯ. ನಗ್ತಾನೇ ಇರೋನು," ಎಂದರು ಅಂಬುಜಮ್ಮ. "ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಂತೆ ಪಾಪ, ಮುಖದ ತುಂಬ ಸಿಡುಬಿನ ಕಲೆ. ನನ್ನ ಮಗಳು ಚಿಕ್ಕೋಳು, ಇದೇನು ಇದೇನು ಅಂತ ಅವನ ಕೆನ್ನೆ ಮುಟ್ಟಿ ಮುಟ್ಟಿ ನೋಡೋಳು. ಅವನು ಬೇಜಾರೇ ಮಾಡ್ಕೊಳ್ತಿರ್ಲಿಲ್ಲ."

ಅಮ್ಮನೋರು ಮೊಕದ್ಮ್ಯಾಲೇ ಇದ್ರು ಕಣವ್ವ. ಫೋನಿನಲ್ಲಿ ಕೇಳಿದ್ದ ಆ ಮಾತು ಮಂಜುಶ್ರೀಗೆ ಈಗ ಅರ್ಥವಾಯಿತು. ಚಲುವಮ್ಮ ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದರು. ಆಮೇಲೆ ಬೆರಳಿಟ್ಟು ತೋರಿಸಿಯೂ ಹೇಳಿದ್ದರು. ಮುಖವನ್ನು ಕರಗಿಸಿದ್ದು ಕೈ ತಪ್ಪಿನಿಂದ ಆದದ್ದು. ಆದರೆ ಚಲುವಮ್ಮನ ನೆನಪಿನಲ್ಲಿ ನಲವತ್ತು ವರ್ಷ ಉಳಿದುಕೊಂಡಿದ್ದ ಆ ಕಲೆಗಳನ್ನು ಬೂಷ್ಟು ಎಂದು ಒರೆಸಿಹಾಕಿದ್ದು ಕೈಯಲ್ಲ, ಅವಳ ನಾಲಿಗೆ.

ಗ್ರೂಪ್ ಫೋಟೊವನ್ನು ಅಲ್ಲೇ, ಅಂಬುಜಮ್ಮನ ಮನೆಯ ಜಗಲಿಯ ಬೆಳಕಿನಲ್ಲಿ, ನಾಲ್ಕು ಸಲ ಕ್ಯಾಮೆರಾದಲ್ಲಿ ತೆಗೆದುಕೊಂಡಳು. ಅಂಗಡಿಯಲ್ಲಿ ಮರಿಯಯ್ಯನೊಬ್ಬನನ್ನು ದೊಡ್ಡದು ಮಾಡಿದಳು. ಗೀರು, ಧೂಳು ತೆಗೆದಳು, ಮುಖ ಮುಟ್ಟಲಿಲ್ಲ. ಒಂದೊಂದು ಕುಳಿಯೂ ಇದ್ದಲ್ಲೇ ಇತ್ತು. ಪ್ರಿಂಟು ತೆಗೆದು ಫ್ರೇಮು ಹಾಕಿಸಿದಳು. ಆಮೇಲೆ ಮೂರು ವಾರ ಅದು ಅಂಗಡಿಯಲ್ಲೇ ಗೋಡೆಗೆ ಮುಖ ಮಾಡಿಕೊಂಡು ಕುಳಿತಿತ್ತು. ಲೋಕೇಶ ಮತ್ತೆ, "ಯೋಚನೆ ಮಾಡು" ಎಂದ. ಅವಳು ಯೋಚನೆ ಮಾಡಿದಷ್ಟೂ ಹೋಗುವುದು ಕಷ್ಟವಾಗುತ್ತಿತ್ತು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಯೋಚಿಸುವುದನ್ನು ಬಿಟ್ಟು ಹೊರಟಳು.

ಕೆಸರೆಯ ಮನೆಯಲ್ಲಿ ಅಜ್ಜಿ, ಮಗ, ಮೊಮ್ಮಗಳು ಮೂವರೂ ಇದ್ದರು. ಚಲುವಮ್ಮ ಬಾಗಿಲಲ್ಲಿ ಅವರೆಕಾಳು ಹಿಸುಕುತ್ತಾ ಕುಳಿತಿದ್ದರು. "ಬಾರವ್ವ, ಬಾ. ಏ ನಯನಾ, ಟೀ ಇಡು," ಎಂದು ಸಂಭ್ರಮಪಟ್ಟರು. ಮಂಜುಶ್ರೀ ಟೀ ಬರುವವರೆಗೆ ಕಾಯಲಿಲ್ಲ. ಕಾದರೆ ಬಾಯಿ ಬಿಡಲಾರೆನೆಂದು ಗೊತ್ತಿತ್ತು. ಫ್ರೇಮನ್ನು ತೆಗೆದು ಚಲುವಮ್ಮನ ಕೈಗೆ ಕೊಟ್ಟಳು.

ಚಲುವಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು, ದೂರ ಹಿಡಿದು ನೋಡಿದರು. "ಯಾರವ್ವ ಇವ್ರು?"

ಚಲುವಮ್ಮ ಫ್ರೇಮನ್ನು ಬೆಳಕಿನ ಕಡೆ ತಿರುಗಿಸಿದರು.

"ನಿಮ್ಮ ತಂದೆಯವ್ರಾ?"

"ಅಮ್ಮ, ಇವ್ರು ನಿಮ್ಮ ಯಜಮಾನ್ರು."

"ಇಲ್ಲ ಇಲ್ಲ," ಚಲುವಮ್ಮ ನಕ್ಕುಬಿಟ್ಟರು. ಗೋಡೆಯ ಕಡೆ ಕೈ ತೋರಿಸಿದರು. "ನಮ್ಮೋರು ಅಲ್ಲೇ ಅವ್ರಲ್ಲ."

ಆಗ ಮಂಜುಶ್ರೀ ಹೇಳಿದಳು. ಟ್ರೇ, ನೀರು, ಫೋನು, ಮಗನ ಫೋಟೊ, ಹತ್ತು ದಿನದ ಕೆಲಸ, ಬೂಷ್ಟು ಎಂದ ಮಾತು, ಪುಡಿಯಾಯಿತು ಎಂದ ಮಾತು, ಮಿಲ್ಲು, ಅಂಬುಜಮ್ಮ, ಎಲ್ಲವನ್ನೂ ಒಂದರ ಹಿಂದೆ ಒಂದು ಹೇಳಿದಳು. ಏನನ್ನೂ ಮೆತ್ತಗೆ ಮಾಡಲಿಲ್ಲ. ನಯನಾ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

ಮೊದಲು ಮಾತಾಡಿದವನು ಮಹದೇವಸ್ವಾಮಿ. "ನನ್ನ ಫೋಟೊ ಇಸ್ಕೊಂಡಿದ್ದು ಅದಕ್ಕಾ?"

"ಹೌದು ಮಹದೇವಸ್ವಾಮಿಯವ್ರೇ."

"ಅಂದ್ರೆ ನಾನು ದಿನಾ ನೋಡ್ತಿದ್ದದ್ದು ನನ್ನ ಮೊಕನೇ." ಅವನು ಎದ್ದು ಗೋಡೆಯ ಹತ್ತಿರ ಹೋದ. ಫ್ರೇಮಿಗೆ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. "ಕರಗೋಯ್ತು ಅಂತ ಆವತ್ತೇ ಹೇಳಿದ್ರೆ ಏನಾಗ್ತಿತ್ತು ಮೇಡಂ? ಬೈತಿದ್ವಿ. ಅಷ್ಟೇ ತಾನೆ? ನಮ್ಮವ್ವಂಗಾದ್ರೂ ಗ್ಯಾಪಕ ಇತ್ತು. ಅದನ್ನೂ ಕೆಡಿಸಿಬಿಟ್ರಲ್ಲ." ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಗೇಟು ಹಾಕಿದ ಸದ್ದು ಕೇಳಿಸಿತು.

ಮಂಜುಶ್ರೀ ಲಕೋಟೆಯಿಂದ ಆ ಅರ್ಧ ಕಾಗದವನ್ನು ತೆಗೆದು ಚಲುವಮ್ಮನ ಮುಂದಿಟ್ಟಳು. ಅದರಲ್ಲಿ ಬಿಳಿ ಷರಟು, ಕುರ್ಚಿ, ಮುಷ್ಟಿ ಇದ್ದವು.

ಅದನ್ನು ನೋಡಿದ್ದೇ ಚಲುವಮ್ಮನ ಮುಖ ಬದಲಾಯಿತು. "ಅಯ್ಯೋ, ಕೈ," ಎಂದರು. "ಎಬ್ಬೆಟ್ಟು ನೋಡು ಎಂಗೆ ಒಳಕ್ಕೆ ಮಡೀಕೊಂಡವ್ರೆ. ಪೋಟೊ ಅಂದ್ರೆ ಎದ್ರುಕೊಂಬುಟ್ಟಿದ್ರು ಕಣವ್ವ. ಬೆಳಕು ಹೊಡೀತದೆ ಅಂತ." ಕಾಗದವನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಹೊಸ ಫ್ರೇಮನ್ನು ಮತ್ತೆ ಕೈಗೆ ತೆಗೆದುಕೊಂಡು, ಆ ಕೆನ್ನೆಯ ಮೇಲೆ ಬೆರಳಾಡಿಸಿದರು. ಒಂದು ಸಲ, ಎರಡು ಸಲ. ಗಾಜು ನುಣುಪಾಗಿತ್ತು.

"ನಂಗೆ ಸರಿಯಾಗೇ ಗ್ಯಾನ ಇತ್ತು ಅಂದಂಗಾಯ್ತು," ಎಂದರು. "ಕುಳಿ ಇತ್ತು ಅಂದೆ ನಾನು. ನೀನು ಬೂಷ್ಟು ಅಂದೆ."

"ತಪ್ಪಾಯ್ತಮ್ಮ. ಬೈದ್ಬಿಡಿ ನನ್ನ."

"ಬೈದ್ರೆ ಬತ್ತದಾ?" ಚಲುವಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದೂರ ನಡೆದು ಬಂದವರ ದಣಿವಿತ್ತು. "ಮೊದ್ಲು ಕಣ್ಮುಚ್ಚಿದ್ರೆ ಮಂಕಾಗಾದ್ರೂ ಬರೋರು. ಈಗ ಕಣ್ಮುಚ್ಚಿದ್ರೆ ನೀನು ಬರ್ದಿರೋದೇ ಬತ್ತದೆ ಕಣವ್ವ. ಇವ್ರು ಬರಾಕಿಲ್ಲ. ಏನ್ ಮಾಡ್ಲಿ?"

ನಯನಾ ಟೀ ಲೋಟವನ್ನು ಮಂಜುಶ್ರೀಯ ಮುಂದಿಟ್ಟಳು. ಅದು ಆರಿ ಕೆನೆಗಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಚಲುವಮ್ಮ ಎರಡನ್ನೂ, ಫ್ರೇಮನ್ನೂ ಅರ್ಧ ಕಾಗದವನ್ನೂ, ಮಡಿಲಲ್ಲಿ ಒಟ್ಟಿಗೆ ಇಟ್ಟುಕೊಂಡು, "ಇಲ್ಲೇ ಇರ್ಲಿ. ಒಸಿ ದಿನ ನೋಡ್ತೀನಿ. ನೀನಿನ್ನು ಹೊಂಡವ್ವ," ಎಂದರು. ಮಂಜುಶ್ರೀ ಅವರ ಕಾಲು ಮುಟ್ಟಲು ಬಗ್ಗಿದಳು. ಚಲುವಮ್ಮ ಕಾಲು ಹಿಂದಕ್ಕೆಳೆದುಕೊಂಡರು.

ಆಮೇಲೆ ಅವರ ಕಡೆಯಿಂದ ಫೋನಿಲ್ಲ. ಇವಳು ಮಾಡಿದ್ದ ಎರಡು ಫೋನನ್ನು ಯಾರೂ ಎತ್ತಲಿಲ್ಲ. ಬೇಸಿಗೆ ಕಳೆದು ಮಳೆ ಬಂದು ಹೋಯಿತು. ಮತ್ತೆ ಪಕ್ಷದ ಹಬ್ಬ ಬಂತು. ಈ ಸಲ ಕರೆ ಬರಲಿಲ್ಲ. ಬರುವುದೆಂದು ಅವಳು ಕಾದಿರಲೂ ಇಲ್ಲ. ಆದರೂ ಆ ದಿನ ಅಂಗಡಿ ತೆರೆಯದೆ ಮನೆಯಲ್ಲೇ ಇದ್ದಳು.

ದಸರಾ ರಜೆಯಲ್ಲಿ ಒಂದು ದಿನ ನಯನಾ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಬಿ.ಎಡ್. ಮುಗಿಸಿ ಒಂದು ಸ್ಕೂಲಿಗೆ ಸೇರಿದ್ದಳಂತೆ. ಬಟ್ಟೆಯ ಚೀಲದಿಂದ ಒಂದು ಫ್ರೇಮು ತೆಗೆದು ಟೇಬಲ್ಲಿನ ಮೇಲಿಟ್ಟಳು. ಮಂಜುಶ್ರೀ ಬರೆದ ಮುಖ.

"ಅಪ್ಪ ಕೊಟ್ಟು ಬಾ ಅಂದ್ರು ಮೇಡಂ. ಒಂದು ವರ್ಷ ಎಡೆ ಇಟ್ಟಿರೋ ಪಟ, ಒಡೆದು ಹಾಕೋಕೂ ಮನಸ್ಸು ಬರಲ್ಲ, ಇಟ್ಕೊಳೋಕೂ ಆಗಲ್ಲ ಅಂದ್ರು. ನೀವೇ ಇಟ್ಕೋಬೇಕಂತೆ."

"ಆಗಲಿ," ಎಂದಳು ಮಂಜುಶ್ರೀ. ಕುಳಿತುಕೊಳ್ಳಲು ಹೇಳಿದರೂ ನಯನಾ ನಿಂತೇ ಇದ್ದಳು. "ಪಕ್ಷ ಮಾಡಿದ್ರಾ ಈ ಸಲ?"

"ಮಾಡಿದ್ವಿ. ಪಟ ಇಡ್ಲಿಲ್ಲ. ಮುಂಚೆ ಊರಲ್ಲಿ ಪಟ ಎಲ್ಲಿತ್ತು, ಕಳಸ ಇಟ್ಟು ಪಂಚೆ ಇಟ್ಟು ಮಾಡ್ತಿದ್ರು, ಹಂಗೇ ಮಾಡೋಣ ಅಂದ್ರು ಅಜ್ಜಿ."

ಕೇಳುವ ಹಕ್ಕು ತನಗಿಲ್ಲ ಎಂದು ಗೊತ್ತಿದ್ದೂ ಮಂಜುಶ್ರೀ ಕೇಳಿದಳು. "ಅಜ್ಜಿಗೆ... ಆ ಫೋಟೊ, ನಾನು ಕೊಟ್ಟು ಬಂದದ್ದು... ಗುರುತು ಸಿಕ್ಕಿತಾ?"

ನಯನಾ ಚೀಲವನ್ನು ಮಡಿಸುತ್ತಾ ಯೋಚಿಸಿದಳು. "ಮಧ್ಯಾಹ್ನ ಮಧ್ಯಾಹ್ನ ತೊಡೆ ಮೇಲಿಟ್ಕೊಂಡು ನೋಡ್ತಿರ್ತಾರೆ. ಇವ್ರೇನಾ ತಾತ ಅಂದ್ರೆ ಹೂಂ ಅಂತಾರೆ. ಅಜ್ಜಿ, ನಿಜವಾಗ್ಲೂ ಗ್ಯಾನ ಬಂತಾ ಅಂದ್ರೆ, ಒಳ್ಳೇ ಮನುಸ್ಯನ ತರ ಕಾಣ್ತಾರೆ ಅಂತಾರೆ."

ಅವಳು ಬರುತ್ತೇನೆಂದು ಹೇಳಿ ಮೆಟ್ಟಿಲಿಳಿದಳು. ಕೆಳಗೆ ದಸರಾ ಜನಜಂಗುಳಿ. ಪಾತ್ರೆ ಅಂಗಡಿಯ ಮುಂದೆ ಯಾರೋ ಕಂಚಿನ ದೀಪವನ್ನು ಬಡಿದು ಸದ್ದು ನೋಡುತ್ತಿದ್ದರು. ಮಂಜುಶ್ರೀ ಟೇಬಲ್ಲಿನ ಮೇಲಿನ ಫ್ರೇಮನ್ನು ಎತ್ತಿಕೊಂಡಳು. ಎಲ್ಲಿಡುವುದೆಂದು ಸುತ್ತ ನೋಡಿದಳು. ಗಿರಾಕಿಗಳ ಫೋಟೊ ಇಡುವ ಬೀರುವಿನಲ್ಲಿ ಇಡುವ ಹಾಗಿಲ್ಲ, ಅದಕ್ಕೆ ಗಿರಾಕಿಯಿಲ್ಲ. ಗೋಡೆಯಲ್ಲಿ ಅಪ್ಪನ ಫೋಟೊದ ಪಕ್ಕ ಮೊಳೆಯೊಂದು ಖಾಲಿಯಿತ್ತು. ಅಲ್ಲಿಗೆ ಕೈ ಹೋಗಲಿಲ್ಲ. ಮೆಟ್ಟಿಲ ಮೇಲೆ ಬೇರೆ ಯಾರೋ ಹತ್ತಿ ಬರುವ ಸದ್ದಾಯಿತು. ಅವಳು ಅದನ್ನು ಎದೆಗೆ ಹಿಡಿದುಕೊಂಡೇ, "ಬನ್ನಿ, ಮೇಲೇ ಬನ್ನಿ," ಎಂದು ಕರೆದಳು.